ಟಿಡಿಎಸ್ ಮೀಟರಿಗೆ ಬಾಯಾರಿಕೆ ಗೊತ್ತಿಲ್ಲ

ಕಳೆದ ಬೇಸಿಗೆಯಲ್ಲಿ ನೀರಿನ ಫಿಲ್ಟರ್ ಮಾರುವ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯ ಬೋರ್ ನೀರು, ಇನ್ನೊಂದಕ್ಕೆ ತಾನೇ ಬಾಟಲಿಯಲ್ಲಿ ತಂದಿದ್ದ ಆರ್‌ಒ ನೀರು, ಅಂದರೆ ಮೆಂಬ್ರೇನ್ ಅನ್ನುವ ಪರದೆಯಲ್ಲಿ ಸೋಸಿ ಲವಣ ತೆಗೆದ ನೀರು ಹಾಕಿದ. ಲೋಹದ ಕಡ್ಡಿಗಳಿದ್ದ ಪುಟ್ಟ ಯಂತ್ರವೊಂದನ್ನು ಎರಡರೊಳಕ್ಕೂ ಇಳಿಬಿಟ್ಟು ಸ್ವಿಚ್ ಒತ್ತಿದ. ಎರಡೇ ನಿಮಿಷ. ನಮ್ಮ ನೀರು ಚರಂಡಿ ನೀರಿನ ಹಾಗೆ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳಕು ಕೆನೆ ಕಟ್ಟಿತು. ಅವನ ನೀರು ಹೆಚ್ಚುಕಡಿಮೆ ಹಾಗೇ ತಿಳಿಯಾಗಿತ್ತು.

“ನೋಡಿ ಮೇಡಂ, ದಿನಾ ಇದನ್ನೇ ಕುಡೀತಿದೀರಾ. ಇಷ್ಟು ಟಿಡಿಎಸ್ ಇದ್ರೆ ಮೈಗೆ ನೀರೇ ಹಿಡಿಯಲ್ಲ” ಅಂದ. ಪಕ್ಕದ ಮನೆಯ ಆಂಟಿ ಅಲ್ಲೇ ಮುಂಗಡ ಕೊಟ್ಟರು.

ನಾನು ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಮತ್ತೊಮ್ಮೆ ಸ್ವಿಚ್ ಹಾಕಪ್ಪ ಅಂದೆ. ಅವನ ಶುದ್ಧ ನೀರೂ ಕಂದಾಯಿತು. ಮುಖ ಸಪ್ಪೆ ಮಾಡಿಕೊಂಡ. ಅವನಿಗೂ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ, ಪಾಪ.

ಆ ಕೊಳೆ ನೀರಿನದ್ದಲ್ಲ, ಕಡ್ಡಿಯದ್ದು. ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿ ಕರಗಿ, ನೀರಿನಲ್ಲೇ ತುಕ್ಕಾಗುತ್ತದೆ. ಕರೆಂಟ್ ಹರಿಯಲು ನೀರಿನಲ್ಲಿ ಲವಣ ಬೇಕು. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಕಡ್ಡಿ ಕರಗಲಿಲ್ಲ. ಅಷ್ಟೇ ವಿಷಯ. ಎಳನೀರಿನಲ್ಲಿ ಅದೇ ಕಡ್ಡಿ ಇಳಿಸಿದರೆ ಅದೂ ಕೊಳಕಾಗಿ ಕಾಣುತ್ತದೆ.

ಆದರೆ ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಖನಿಜ ಜಾಸ್ತಿ ಇದ್ದರೆ ಮೈಗೆ ನೀರು ಹಿಡಿಯುವುದಿಲ್ಲ ಅಂತ ಅವನು ಹೇಳುತ್ತಾನೆ. ವಾಟ್ಸ್ಯಾಪ್‌ನಲ್ಲಿ ಬರುವುದು ಇದರ ಉಲ್ಟಾ: ಆರ್‌ಒ ನೀರು ಸತ್ತ ನೀರು, ಖನಿಜವೇ ಇಲ್ಲ, ಎಷ್ಟು ಕುಡಿದರೂ ದಾಹ ತೀರುವುದಿಲ್ಲ. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವಿಲ್ಲ, ಅಲ್ವಾ? ಹುಡುಕುತ್ತಾ ಹೋದರೆ ಎರಡೂ ಬಹುಪಾಲು ತಪ್ಪು. ನೀರಿನ ಗುಣಕ್ಕೂ ಮೈಯ ನೀರಿಗೂ ಗಟ್ಟಿ ಸಂಬಂಧ ಇರುವುದು ನಿಜ. ಅದು ಇವರಿಬ್ಬರೂ ಹೇಳುವ ಜಾಗದಲ್ಲಿ ಮಾತ್ರ ಇಲ್ಲ.

ಮೀಟರ್ ಅಳೆಯುವುದೇನು

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಘನವಸ್ತುಗಳ ಒಟ್ಟು ತೂಕ. ಪೆನ್ನಿನಂಥ ಮೀಟರ್ ನಿಜಕ್ಕೂ ತೂಕ ಮಾಡುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಅದರಿಂದ ಅಂದಾಜು ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಕ್ಯಾಲ್ಸಿಯಂ ಯಾವುದು, ಸೋಡಿಯಂ ಯಾವುದು, ಫ್ಲೋರೈಡ್ ಯಾವುದು ಅನ್ನುವ ಭೇದ ಇಲ್ಲ. ರೋಗಾಣು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕಾಲರಾ ಇರುವ ಮಳೆನೀರು ಮೀಟರಿನಲ್ಲಿ 40 ಅಂತ ತೋರಿಸಿ ಭೇಷ್ ಅನ್ನಿಸಿಕೊಳ್ಳಬಹುದು.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ 2012ರ ಆವೃತ್ತಿಯ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 2000ದವರೆಗೂ ನಡೆಯುತ್ತದೆ. ಅವತ್ತು ಹುಡುಗನ ಮೀಟರಿನಲ್ಲಿ ನಮ್ಮ ನೀರು ತೋರಿಸಿದ್ದು 640. ಆ ಹುಡುಗನ ದನಿ ಕೇಳಿದ್ದರೆ ವಿಷ ಅಂದುಕೊಳ್ಳಬೇಕು.

ಈ 640ನ್ನು ಪಕ್ಕದಲ್ಲಿ ಬೇರೆ ಸಂಖ್ಯೆಗಳನ್ನಿಟ್ಟು ನೋಡೋಣ. 640 ಮಿಲಿಗ್ರಾಂ ಅಂದರೆ ಲೀಟರಿಗೆ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಆಸ್ಪತ್ರೆಯಲ್ಲಿ ಕೈಗೆ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುತ್ತದೆ, ಯಾಕೆಂದರೆ ನಮ್ಮ ರಕ್ತದ ಸಾಂದ್ರತೆ ಸುಮಾರು ಅಷ್ಟು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ. ರಕ್ತದ ಕಣ್ಣಿನಿಂದ ನೋಡಿದರೆ ನಮ್ಮ ಬೋರ್ ನೀರೂ ಆರ್‌ಒ ನೀರೂ ಎರಡೂ ಸಪ್ಪೆಯೇ. ನಾಲಿಗೆಗೆ ಮಾತ್ರ ಆ ವ್ಯತ್ಯಾಸ ದೊಡ್ಡದು.

ಸಮುದ್ರದ ನೀರು ಮೈಯ ನೀರನ್ನು ಕದಿಯುವುದು ನಿಜ. ಅಷ್ಟು ಉಪ್ಪನ್ನು ಹೊರಗೆ ಹಾಕಲು, ಕುಡಿದದ್ದಕ್ಕಿಂತ ಜಾಸ್ತಿ ನೀರನ್ನು ಮೂತ್ರಪಿಂಡ ಖರ್ಚು ಮಾಡಬೇಕಾಗುತ್ತದೆ. ವಾರಗಟ್ಟಲೆ ಕಡಲಿಗೆ ಇಳಿಯುವ ಮೀನುಗಾರರು ಸುತ್ತ ನೀರೇ ನೀರು ಇದ್ದರೂ ದೋಣಿಯಲ್ಲಿ ಕುಡಿಯುವ ನೀರು ತುಂಬಿಕೊಂಡು ಹೋಗುವುದು ಇದಕ್ಕೇ. ಆದರೆ ಲೀಟರಿಗೆ ಅರ್ಧ ಒಂದು ಗ್ರಾಂ ಲವಣದಿಂದ ಅಂಥದ್ದೇನೂ ಆಗುವುದಿಲ್ಲ.

ಕರುಳಿನ ಬಾಗಿಲು

ಕುಡಿದ ನೀರು ಮೈಗೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನಲ್ಲಿ. ಒಬ್ಬ ದೊಡ್ಡವರ ಕರುಳಿಗೆ ದಿನಕ್ಕೆ 8ರಿಂದ 9 ಲೀಟರ್ ದ್ರವ ಬರುತ್ತದೆ. ಅದರಲ್ಲಿ ನಾವು ಕುಡಿದದ್ದು, ತಿಂದದ್ದು ಸೇರಿ ಸುಮಾರು 2 ಲೀಟರ್. ಉಳಿದದ್ದೆಲ್ಲ ಮೈಯೇ ಸುರಿಸುವ ರಸ: ಜೊಲ್ಲು, ಜಠರದ ಆಮ್ಲ, ಪಿತ್ತ, ಕರುಳಿನ ರಸ. ಇಷ್ಟರಲ್ಲಿ ಮಲದ ಜೊತೆ ಹೊರಗೆ ಹೋಗುವುದು 100-200 ಮಿಲಿ ಮಾತ್ರ. ಉಳಿದ ಅಷ್ಟೂ ವಾಪಸ್ಸು ರಕ್ತಕ್ಕೆ ಸೇರುತ್ತದೆ. ಎಂಥ ಜಿಪುಣ ವ್ಯವಸ್ಥೆ ನೋಡಿ.

ತಮಾಷೆ ಏನೆಂದರೆ, ನೀರನ್ನು ನೇರವಾಗಿ ಎಳೆದುಕೊಳ್ಳುವ ಪಂಪ್ ಕರುಳಿನಲ್ಲಿ ಇಲ್ಲ. ಅದು ಎಳೆದುಕೊಳ್ಳುವುದು ಸೋಡಿಯಂ ಅನ್ನು, ಅಂದರೆ ಉಪ್ಪಿನ ಅಂಶವನ್ನು. ಉಪ್ಪು ಎಲ್ಲಿ ಹೋಗುತ್ತದೋ ನೀರು ಅದರ ಬೆನ್ನು ಹತ್ತಿ ಹೋಗುತ್ತದೆ. ಸೋಡಿಯಂ ಒಳಗೆ ಹೋಗಲು ಕೆಲವು ಬಾಗಿಲುಗಳಿವೆ. ಅದರಲ್ಲಿ ಮುಖ್ಯವಾದ ಒಂದು ಬಾಗಿಲು ತೆರೆಯಲು ಸಕ್ಕರೆ ಬೇಕು. ಒಂದು ಗ್ಲೂಕೋಸ್ ಕಣದ ಜೊತೆ ಎರಡು ಸೋಡಿಯಂ ಒಳಗೆ ನುಗ್ಗುತ್ತವೆ, ಹಿಂದೆಯೇ ನೀರು. ಸಕ್ಕರೆ ಮತ್ತು ಸೋಡಿಯಂ ಹೀಗೆ ಜೊತೆಯಾಗಿ ಸಾಗುತ್ತವೆ ಅಂತ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಹೇಳಿದರು.

ಹಾಗಾದರೆ ಉಪ್ಪಿಲ್ಲದ ಆರ್‌ಒ ನೀರು ಹೇಗೆ ಒಳಗೆ ಹೋಗುತ್ತದೆ? ಅದಕ್ಕೇ ಆ 7 ಲೀಟರ್ ರಸ. ಅದರಲ್ಲಿ ಬೇಕಾದಷ್ಟು ಉಪ್ಪು ಆಗಲೇ ಇದೆ. ನೀವು ಕುಡಿದ ಸಪ್ಪೆ ನೀರು ಕರುಳಿಗೆ ಇಳಿಯುವಷ್ಟರಲ್ಲಿ ಅದರ ಜೊತೆ ಬೆರೆತು ಉಪ್ಪಾಗಿರುತ್ತದೆ. ಊಟದ ಉಪ್ಪು, ಸಕ್ಕರೆಯೂ ಸೇರುತ್ತವೆ. ನೀರಿನಲ್ಲೇ ಇದ್ದ ಅರ್ಧ ಗ್ರಾಂ ಖನಿಜ ಈ ಗದ್ದಲದಲ್ಲಿ ಯಾವ ಲೆಕ್ಕ? ಆರೋಗ್ಯವಾಗಿ ಉಂಡು ತಿಂದು ಇರುವವರಿಗೆ 50 ಟಿಡಿಎಸ್ ನೀರೂ 640 ಟಿಡಿಎಸ್ ನೀರೂ ಒಂದೇ ಥರ ಮೈ ಸೇರುತ್ತವೆ.

ಭೇದಿ ಶುರುವಾದಾಗ ಮಾತ್ರ ಕಥೆಯೇ ಬೇರೆ. ಆ 9 ಲೀಟರ್ ಪೂರ್ತಿ ವಾಪಸ್ಸು ಬರುವುದಿಲ್ಲ. ಕಾಲರಾದಲ್ಲಂತೂ ಕರುಳು ನೀರನ್ನು ಒಳಗೆ ಎಳೆಯುವ ಬದಲು ಹೊರಗೆ ಸುರಿಯುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಬರೀ ನೀರು ಕುಡಿಸಿದರೆ ಸಾಲದು. ಆದರೆ ಆ ಸಕ್ಕರೆ-ಉಪ್ಪಿನ ಜೋಡಿ ಬಾಗಿಲನ್ನು ಕಾಲರಾ ಕೆಡಿಸುವುದಿಲ್ಲ. ಇಡೀ ಮನೆಗೆ ಬೀಗ ಬಿದ್ದರೂ ಹಿತ್ತಲ ಬಾಗಿಲು ತೆರೆದಿದ್ದ ಹಾಗೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ, ಲಕ್ಷಗಟ್ಟಲೆ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬೊಂಗಾವ್ ಊರಿನ ಶಿಬಿರದಲ್ಲಿ ಕಾಲರಾ ಎದ್ದಿತು. ಸಲೈನ್ ಬಾಟಲಿ ಮುಗಿಯುತ್ತಾ ಬಂತು. ಡಾಕ್ಟರ್ ದಿಲೀಪ್ ಮಹಲನಬಿಸ್ ಒಂದು ಧೈರ್ಯ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಇದನ್ನು ಡ್ರಮ್ಮಿನಲ್ಲಿ ಕಲಸಿ, ನಲ್ಲಿ ಹಾಕಿ ಇಟ್ಟರು. ರೋಗಿಗಳ ಮನೆಯವರೇ ಮಗ್ಗಿನಲ್ಲಿ ಹಿಡಿದು ಕುಡಿಸಿದರು. 100ಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕಡಿಮೆಗೆ ಇಳಿಯಿತು. ಢಾಕಾದ ಆಸ್ಪತ್ರೆಯಲ್ಲಿ 1968ರಲ್ಲೇ ಇಂಥ ದ್ರಾವಣದ ಪ್ರಯೋಗ ಆಗಿತ್ತು. ಆದರೆ ನರ್ಸ್ ಇಲ್ಲ, ಹಾಸಿಗೆ ಇಲ್ಲ, ಕೆಸರಿನ ನೆಲದಲ್ಲಿ ಮಲಗಿದ ಜನಕ್ಕೆ ಅವರ ತಾಯಂದಿರ ಕೈಯಿಂದಲೇ ಕುಡಿಸಿ ಉಳಿಸಬಹುದು ಅಂತ ತೋರಿಸಿದ್ದು ಬೊಂಗಾವ್. ಮಹಲನಬಿಸ್ ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಮರುವರ್ಷ. ನಮ್ಮಲ್ಲಿ ಹಾಗೇ.

ಇಂಥ ದ್ರಾವಣಕ್ಕೇ ಇವತ್ತು ಓಆರ್‌ಎಸ್ ಅನ್ನುತ್ತಾರೆ. ಅದರ ಪೊಟ್ಟಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಕೂಡಿಸಿದರೆ 20.5 ಗ್ರಾಂ. ಮೈಗೆ ನೀರು ಹಿಡಿಸುವ ಸಕ್ಕರೆ-ಉಪ್ಪಿನ ಪ್ರಮಾಣ ಅಂದರೆ ಇದು. ನಾವು ಸಾಮಾನ್ಯವಾಗಿ ಕೊಳ್ಳುವ “ಮಿನರಲ್ ವಾಟರ್” ಬಾಟಲಿಯಲ್ಲಿ ಇದರ ಹತ್ತಿರ ಸುಳಿಯುವಷ್ಟು ಇರುವುದಿಲ್ಲ.

ಈ ಪ್ರಮಾಣ ಹೆಚ್ಚುಕಡಿಮೆ ಆಗಬಾರದು. ಸಕ್ಕರೆ ಜಾಸ್ತಿಯಾದರೆ ಅದೇ ಮೈಯೊಳಗಿನ ನೀರನ್ನು ಕರುಳಿಗೆ ಎಳೆದು ಭೇದಿ ಜಾಸ್ತಿ ಮಾಡುತ್ತದೆ. ಮೆಡಿಕಲ್ ಸ್ಟೋರ್‌ಗಳಲ್ಲಿ ಓಆರ್‌ಎಸ್ ಅನ್ನುವ ಅಕ್ಷರ ಹಾಕಿಕೊಂಡು ಹಣ್ಣಿನ ಬಣ್ಣದ ಸಿಹಿ ಡಬ್ಬಿಗಳು ಮಾರಾಟವಾಗುತ್ತಿದ್ದವು. ಈ ಪ್ರಮಾಣಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿದ್ದು 2025ರ ಅಕ್ಟೋಬರಿನಲ್ಲಿ. ಪೊಟ್ಟಣದ ಮೇಲೆ ಒಂದು ಲೀಟರಿಗೆ ಅಂತ ಬರೆದಿದ್ದರೆ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿಕೊಳ್ಳುವುದು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಅದೂ ಮಟ್ಟಸವಾಗಿ, ಗುಡ್ಡೆ ಮಾಡಿ ಅಲ್ಲ.

ಎಷ್ಟು ಕುಡಿದರೂ ದಾಹ

ಆರ್‌ಒ ನೀರು ಕುಡಿದರೆ ದಾಹ ತೀರುವುದಿಲ್ಲ ಅನ್ನುವವರು ಸುಮ್ನೆ ಹೇಳುತ್ತಿಲ್ಲ. ಅವರ ಅನುಭವ ನಿಜ ಇರಬಹುದು. ಕಾರಣ ಬೇರೆ.

ಏಪ್ರಿಲ್ ಬಿಸಿಲಿನಲ್ಲಿ ಗಾರೆ ಕೆಲಸ ಮಾಡುವವರಿಗೆ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ಮಾತಲ್ಲ. ಬೆವರಿನಲ್ಲಿ ಉಪ್ಪು ಒಬ್ಬೊಬ್ಬರಿಗೆ ಒಂದೊಂದು ಥರ. ಲೀಟರಿಗೆ ಅರ್ಧ ಗ್ರಾಂ ಸೋಡಿಯಂ ಕಳೆದುಕೊಳ್ಳುವವರಿದ್ದಾರೆ, ಒಂದೂವರೆ ಗ್ರಾಂ ಕಳೆದುಕೊಳ್ಳುವವರೂ ಇದ್ದಾರೆ. ಅಂಗಿ ಒಣಗಿದ ಮೇಲೆ ಬೆನ್ನಿನ ಮೇಲೆ ಬಿಳಿ ಗೆರೆ ಮೂಡುತ್ತದಲ್ಲ, ಅದು ಈ ಎರಡನೇ ಗುಂಪು. ಈಗ ಅವರು ಬರೀ ನೀರು ಕುಡಿದರೆ ರಕ್ತದ ಉಪ್ಪು ತೆಳುವಾಗುತ್ತದೆ. ಮಿದುಳಿಗೆ ಅದು ಗೊತ್ತಾಗಿ, ನೀರು ಜಾಸ್ತಿಯಾಯಿತು ಅಂತ ಮೂತ್ರಪಿಂಡಕ್ಕೆ ಹೇಳುತ್ತದೆ. ಕುಡಿದದ್ದರಲ್ಲಿ ಒಳ್ಳೆಯ ಪಾಲು ಮೂತ್ರವಾಗಿ ಹೋಗುತ್ತದೆ. ಮೈಯ ಕೊರತೆ ಹಾಗೇ ಉಳಿಯುತ್ತದೆ. ಸುಸ್ತು, ಕಾಲಿನ ಸೆಳೆತ. ಆಗ ನೀರನ್ನು ಬೈಯುತ್ತೇವೆ. ಕೊರತೆ ಇರುವುದು ಉಪ್ಪಿನದು. 640 ಟಿಡಿಎಸ್ ಬೋರ್ ನೀರು ಕುಡಿದರೂ ಆ ಕೊರತೆ ತುಂಬುವುದಿಲ್ಲ, ಯಾಕೆಂದರೆ ಆ 640ರಲ್ಲಿ ಸೋಡಿಯಂ ಒಂದು ಪಾಲು ಮಾತ್ರ. ಬಹಳಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್.

ಅತಿಯಾದರೆ ಇದು ಜೀವಕ್ಕೇ ಬರುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 100ಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಅದೇ ಓಟದಲ್ಲಿ ಒಬ್ಬ ಯುವತಿ ಇದೇ ತೊಂದರೆಯಿಂದ ತೀರಿಕೊಂಡರು. ನೀರು ಸಾಲದೆ ಅಲ್ಲ, ಜಾಸ್ತಿ ಕುಡಿದು.

ನಮ್ಮ ಅಡುಗೆ ಮನೆಯ ಪಾನೀಯಗಳನ್ನು ಈ ಬೆಳಕಿನಲ್ಲಿ ನೋಡಿದರೆ ಚೆನ್ನಾಗಿರುತ್ತದೆ. ನೀರು ಮಜ್ಜಿಗೆಗೆ ಕಾಲು ಚಮಚ ಉಪ್ಪು ಬಿದ್ದರೆ ಅರ್ಧ ಗ್ರಾಂ ದಾಟಿ ಸೋಡಿಯಂ ಸಿಕ್ಕಿತು. ಕರಾವಳಿಯ ಕುಚಲಕ್ಕಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಗಂಜಿಯ ಪಿಷ್ಟ ಒಡೆದು ನಿಧಾನವಾಗಿ ಗ್ಲೂಕೋಸ್ ಆಗುತ್ತದೆ, ಉಪ್ಪಿನಕಾಯಿ ಉಪ್ಪು ಕೊಡುತ್ತದೆ. ಅದೇ ಜೋಡಿ ಬಾಗಿಲು! ಅಕ್ಕಿ ಹಿಟ್ಟಿನ ಓಆರ್‌ಎಸ್ ಅಂತಲೇ ಒಂದು ಬಗೆ ಇದೆ, ಕಾಲರಾಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪು ಹಾಕಿದ ರಾಗಿ ಅಂಬಲಿಯೂ ಇದೇ ಸಾಲಿನದ್ದು. ರಾಮನವಮಿಯ ಪಾನಕ ಬೆಲ್ಲದ ನೀರು, ಒಂದೇ ಇದ್ದರೆ ಅರ್ಧ ಕೆಲಸ. ಪಕ್ಕದಲ್ಲಿ ಉಪ್ಪು ಹಾಕಿದ ಕೋಸಂಬರಿ, ಮಜ್ಜಿಗೆ ಇರುತ್ತವೆ ಅಂತ ನಡೆದುಹೋಗುತ್ತದೆ. ಹಿಂದಿನವರಿಗೆ ಎಲ್ಲ ವಿಜ್ಞಾನ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ದುಡಿದು ಬಂದವರ ನಾಲಿಗೆ ಉಪ್ಪು ಕೇಳಿತು, ಅಷ್ಟೇ.

ಎಳನೀರಿನ ಬಗ್ಗೆ ಒಂದು ಮಾತು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಇದರ ಉಲ್ಟಾ. ಎಳನೀರು ಒಳ್ಳೆಯದೇ, ಆದರೆ ಬೆವರಿನ ಲೆಕ್ಕ ಚುಕ್ತಾ ಮಾಡಲು ಜೊತೆಗೆ ಏನಾದರೂ ಉಪ್ಪಿನದ್ದು ಬೇಕು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಆ ಪೊಟ್ಯಾಸಿಯಂ ಅಪಾಯ ತರಬಹುದು, ಡಾಕ್ಟರನ್ನು ಕೇಳದೆ ಕುಡಿಯಬಾರದು. ಹಾಗೆಯೇ ಬಿಪಿ ಇರುವವರು, ಎಸಿ ಆಫೀಸಿನಲ್ಲಿ ಕೂತು ಬೆವರೇ ಸುರಿಸದವರು ಉಪ್ಪು ಬೆರೆಸಿ ಕುಡಿಯುವ ಅಗತ್ಯವೇ ಇಲ್ಲ. ನಮ್ಮ ಊಟದಲ್ಲಿ ಆಗಲೇ ಸಾಕಷ್ಟು ಇದೆ.

ನೀರು ಒಗ್ಗುವುದು, ಒಗ್ಗದಿರುವುದು

ಇನ್ನು ನೀರಿನ ಗುಣ ನಿಜಕ್ಕೂ ಲೆಕ್ಕಕ್ಕೆ ಬರುವ ಜಾಗ. ಮೊದಲನೆಯದು ರುಚಿ. ನೀರು ಸವಳಾಗಿದ್ದರೆ ಯಾರೂ ಬಾಯಿ ತುಂಬ ಕುಡಿಯುವುದಿಲ್ಲ. ಒಂದು ಗುಟುಕು ಕುಡಿದು ಲೋಟ ಕೆಳಗಿಡುತ್ತಾರೆ. ಮಕ್ಕಳಂತೂ ಶಾಲೆಯಿಂದ ತುಂಬಿದ ಬಾಟಲಿ ಹಾಗೇ ವಾಪಸ್ಸು ತರುತ್ತಾರೆ. ಗಡಸು ನೀರು ಕರುಳಿನಲ್ಲಿ ಏನೂ ತಡೆ ಮಾಡುವುದಿಲ್ಲ, ತಡೆ ಇರುವುದು ಬಾಯಿಯಲ್ಲಿ. ಅದೇ ನೀರು ಮಣ್ಣಿನ ಹೂಜಿಯಲ್ಲಿ ತಣ್ಣಗಾಗಿದ್ದರೆ ಗಂಟಲಿಗೆ ಸಲೀಸು. ಕ್ಲೋರಿನ್ ವಾಸನೆ ಬರುವ ನಲ್ಲಿ ನೀರನ್ನು ಒಂದಿಷ್ಟು ಹೊತ್ತು ತೆರೆದ ಪಾತ್ರೆಯಲ್ಲಿಟ್ಟರೆ ವಾಸನೆ ಬಹಳಷ್ಟು ಹೋಗುತ್ತದೆ.

ಹಳ್ಳಿಗಳಲ್ಲಿ ಸಿಹಿನೀರ ಬಾವಿ, ಉಪ್ಪುನೀರ ಬಾವಿ ಅಂತ ಬೇರೆ ಬೇರೆ ಇರುತ್ತಿದ್ದವು. ಹೇಗೆ ಗುರುತಿಸುತ್ತಿದ್ದರು? ತೊಗರಿಬೇಳೆ ಹಾಕಿ ನೋಡುತ್ತಿದ್ದರು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯೊಳಗಿನ ಪೆಕ್ಟಿನ್ ಅನ್ನುವ ಅಂಟನ್ನು ಗಟ್ಟಿಮಾಡಿಬಿಡುತ್ತವೆ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಕರಗುವುದಿಲ್ಲ. ಸೋಪು ನೊರೆ ಬಿಡುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಇಷ್ಟೆಲ್ಲ ಕಾಟ ಕೊಟ್ಟರೂ ಆ ಕ್ಯಾಲ್ಸಿಯಂ ಮೈಗೆ ಶತ್ರುವಲ್ಲ. ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅಂತ ಹೆದರಿ ನೀರನ್ನೇ ಕಡಿಮೆ ಕುಡಿಯುವವರನ್ನು ನೋಡಿದ್ದೇನೆ. ಕಲ್ಲಿಗೆ ದೊಡ್ಡ ಕಾರಣವೇ ಕಡಿಮೆ ಮೂತ್ರ. ಹೆದರಿಕೆಯೇ ಕಲ್ಲು ಮಾಡುತ್ತಿದೆ.

ಎರಡನೆಯದು, “ಆ ಊರಿನ ನೀರು ಒಗ್ಗಲಿಲ್ಲ” ಅನ್ನುತ್ತೇವಲ್ಲ, ಅದು. ಬಹಳ ಸಲ ಇದಕ್ಕೆ ಕಾರಣ ರೋಗಾಣು. ಮೈಯ ನೀರನ್ನು ಬರಿದು ಮಾಡುವುದರಲ್ಲಿ ಕೊಳಕು ನೀರನ್ನು ಮೀರಿಸುವುದು ಯಾವುದೂ ಇಲ್ಲ. ಒಂದು ಲೋಟ ಕುಡಿದು ನಾಲ್ಕು ಲೀಟರ್ ಕಳೆದುಕೊಳ್ಳುವ ವ್ಯಾಪಾರ ಅದು. ಕೆಲವು ಸಲ ಮಾತ್ರ ಖನಿಜವೇ ಕಾರಣ ಇರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಹೊಟ್ಟೆ ಸಡಿಲ ಮಾಡುವ ಉಪ್ಪು, ಭೇದಿ ಮಾಡಿಸುವ ಔಷಧಿಯಾಗಿಯೇ ಕೊಡುತ್ತಾರೆ. ಸಲ್ಫೇಟ್ ತುಂಬಾ ಇರುವ ಬೋರ್ ನೀರನ್ನು ಹೊಸಬರು ಕುಡಿದರೆ ಹೊಟ್ಟೆ ಕೆಡಬಹುದು. ಊರಿನವರಿಗೆ ಏನೂ ಆಗುವುದಿಲ್ಲ, ಅವರ ಕರುಳು ಹೊಂದಿಕೊಂಡಿರುತ್ತದೆ. ಮಾನದಂಡದಲ್ಲಿ ಸಲ್ಫೇಟಿಗೆ 200, ಬೇರೆ ದಾರಿ ಇಲ್ಲದಿದ್ದರೆ 400 ಮಿಲಿಗ್ರಾಂ ಅಂತ ಮಿತಿ ಇರುವುದು ಇದಕ್ಕೇ.

ಮೂರನೆಯದು ನನಗೆ ಹತ್ತಿರದ ವಿಷಯ. ನನ್ನ ತವರು ಪಾವಗಡದ ಕಡೆ. ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಗದಗದ ಮುಂಡರಗಿ, ಕೊಪ್ಪಳ, ರಾಯಚೂರು, ಇಲ್ಲೆಲ್ಲ ನೆಲದಡಿಯ ಗ್ರಾನೈಟ್, ನೈಸ್ ಅನ್ನುವ ಬಗೆಯ ಬಂಡೆಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬೋರ್ ಆಳಕ್ಕೆ ಹೋದಷ್ಟೂ, ನೀರು ಕಲ್ಲಿನ ಜೊತೆ ಕಳೆದ ವರ್ಷಗಳು ಹೆಚ್ಚಾದಷ್ಟೂ ಇದು ಸಾಮಾನ್ಯವಾಗಿ ಜಾಸ್ತಿ. ಅದು ಅತಿಯಾದರೆ ಬರುವ ಕಾಯಿಲೆ ಫ್ಲೋರೋಸಿಸ್. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ವರ್ಷಗಟ್ಟಲೆ ಕುಡಿದರೆ ಬೆನ್ನು ಬಗ್ಗುವುದಿಲ್ಲ, ಮೊಣಕಾಲು ಒಳಕ್ಕೆ ತಿರುಗುತ್ತದೆ.

ಇಲ್ಲೊಂದು ವಿಚಿತ್ರ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಿನಲ್ಲಿ ಅದು ಆರಾಮಾಗಿ ಕರಗಿ ಉಳಿಯುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯುವ, ಸೋಪು ನೊರೆ ಬಿಡುವ ಮೃದು ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರಬಹುದು. ಬೇಳೆಯ ಪರೀಕ್ಷೆ ಇಲ್ಲಿ ಸೋಲುತ್ತದೆ. ನಾಲಿಗೆಯೂ ಸೋಲುತ್ತದೆ. ಟಿಡಿಎಸ್ ಮೀಟರ್ ಮೊದಲೇ ಸೋತಿದೆ: ನೂರಾರು ಮಿಲಿಗ್ರಾಂ ತೋರಿಸುವ ಮೀಟರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಎಲ್ಲಿ ಕಾಣಬೇಕು? ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಆದರೆ ಮೈಗೆ ಲೆಕ್ಕ ಲೀಟರಿನದ್ದಲ್ಲ, ದಿನದ್ದು. 1.5 ಇರುವ ನೀರನ್ನು ನೆರಳಲ್ಲಿ ಕೂತು 2 ಲೀಟರ್ ಕುಡಿಯುವವರಿಗೆ 3 ಮಿಲಿಗ್ರಾಂ ಹೋದರೆ, ಶೇಂಗಾ ಹೊಲದಲ್ಲಿ 5 ಲೀಟರ್ ಕುಡಿಯುವವರಿಗೆ ಅದೇ ನೀರಿನಿಂದ 7.5 ಹೋಗುತ್ತದೆ. ಬಿಸಿಲು ಜಾಸ್ತಿ, ಮಳೆ ಕಡಿಮೆ, ಬೋರ್ ಆಳ, ನೀರು ಕುಡಿಯುವುದೂ ಜಾಸ್ತಿ, ಇವೆಲ್ಲ ಒಂದೇ ತಾಲ್ಲೂಕಿನಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. “ಚೆನ್ನಾಗಿ ನೀರು ಕುಡೀರಿ” ಅನ್ನುವ ಒಳ್ಳೆಯ ಮಾತೇ ಅಲ್ಲಿ ಎರಡು ಅಲಗಿನ ಕತ್ತಿ. ಕುಡಿಯದಿದ್ದರೆ ಬಿಸಿಲು ಹೊಡೆಯುತ್ತದೆ, ಕುಡಿದರೆ ಮೂಳೆ ಕೆಡುತ್ತದೆ. ಮೈಗೆ ನೀರು ಹಿಡಿಯುವ ಮಾತಿನಲ್ಲಿ ನೀರಿನ ಖನಿಜಕ್ಕೆ ನಿಜವಾದ ತೂಕ ಇರುವುದು ಇಲ್ಲಿ.

ಇಂಥ ಕಡೆ ಆರ್‌ಒ ಐಷಾರಾಮ ಅಲ್ಲ. ಅದು ಫ್ಲೋರೈಡನ್ನು 100ಕ್ಕೆ 90ರಷ್ಟು ತೆಗೆಯುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕಾಯಿನ್ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವವರನ್ನು ನೋಡಿ, ಅಯ್ಯೋ ಖನಿಜ ಹೋಯ್ತಲ್ಲ ಅಂತ ಮರುಗಬೇಕಾಗಿಲ್ಲ. ಘಟಕದೊಳಗಿನ ಮೆಂಬ್ರೇನ್ ಸಮಯಕ್ಕೆ ಬದಲಾಗುತ್ತಿದೆಯಾ ಅಂತ ಕೇಳಬೇಕು.

ಹೋದ ಖನಿಜದ ಲೆಕ್ಕ

ಆರ್‌ಒ ತೆಗೆದ ಕ್ಯಾಲ್ಸಿಯಂ ಎಷ್ಟು? ಲೀಟರಿಗೆ 60 ಮಿಲಿಗ್ರಾಂ ಇದ್ದ ನೀರು ಅಂದುಕೊಳ್ಳಿ. ದಿನಕ್ಕೆ 2 ಲೀಟರಿಗೆ 120 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 1000. ಆ 120 ಒಂದು ಸಣ್ಣ ಲೋಟ ಹಾಲಿನಲ್ಲಿ ಇದೆ. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇದೆ, ಅಂದರೆ ಅರ್ಧ ಮುದ್ದೆಯಲ್ಲಿ ನಷ್ಟ ತುಂಬಿತು. ಹಾಲು, ರಾಗಿ, ಸೊಪ್ಪು ಸರಿಯಾಗಿ ಸಿಗದ ಮನೆಗಳಲ್ಲಿ ಮಾತ್ರ ಆ 120ಕ್ಕೂ ಬೆಲೆ ಇದೆ.

ಕಾವೇರಿ ನೀರು ಬರುವ ಬೆಂಗಳೂರಿನ ಮನೆಗೆ ಆರ್‌ಒ ಹಾಕಿಸುವುದು ನನ್ನ ಪ್ರಕಾರ ದುಡ್ಡು ದಂಡ, ನೀರೂ ದಂಡ. ಸುಮಾರು 100 ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತಂದ ನೀರು ಅದು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರನ್ನು ಪೈಪಿನಲ್ಲಿ ಹೊರಗೆ ಬಿಡುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕಾವೇರಿ ನೀರಿಗೆ ಬೇಕಾದದ್ದು ರೋಗಾಣು ಕೊಲ್ಲುವ ವ್ಯವಸ್ಥೆ. ಯುವಿ ಫಿಲ್ಟರ್ ಸಾಕು, ಕುದಿಸಿ ಆರಿಸಿದರೂ ಸಾಕು. ಸಂಪ್ ತೊಳೆದು ಎಷ್ಟು ದಿನ ಆಯಿತು ಅನ್ನುವುದು ಮೀಟರಿಗಿಂತ ಮುಖ್ಯ ಪ್ರಶ್ನೆ. ಆಲ್ಕಲೈನ್, ಅಂದರೆ ಕ್ಷಾರದ ನೀರು ಮಾಡುವ ಯಂತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಂಬೆ ರಸದಷ್ಟು ಹುಳಿ ಇರುವ ಜಠರ ದಾಟಿದ ಮೇಲೆ ಆ ಆಲ್ಕಲೈನ್ ಉಳಿಯುವುದಿಲ್ಲ.

ನಮ್ಮದು ಬೋರ್, ಬೇಸಿಗೆಯಲ್ಲಿ ಟ್ಯಾಂಕರ್. ಆ ಹುಡುಗ ಹೋದ ಮೇಲೆ ನೀರನ್ನು ಲ್ಯಾಬಿಗೆ ಕೊಟ್ಟು ಫ್ಲೋರೈಡ್, ನೈಟ್ರೇಟ್, ಗಡಸುತನ, ರೋಗಾಣು ನೋಡಿಸಿದೆ. ಫ್ಲೋರೈಡ್ 0.8. ನೈಟ್ರೇಟ್ 45ರ ಮಿತಿಯೊಳಗೇ ಇತ್ತು. ಗಡಸುತನ 410, ಮಾನದಂಡ ಒಳ್ಳೆಯದು ಅನ್ನುವುದು 200, ಕೊನೆಯ ಮಿತಿ 600. ರೋಗಾಣು ಮಾತ್ರ ಇತ್ತು. ಸಂಪ್ ತೊಳೆಸಿದೆವು, ಕುಡಿಯುವ ನೀರನ್ನು ಈಗ ಕುದಿಸುತ್ತೇವೆ. ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ಮೇಲಿನ ತಿಳಿ ಹೂಜಿಗೆ ಹೋಗುತ್ತದೆ.

ಪಕ್ಕದ ಮನೆಯ ಆಂಟಿಯ ಆರ್‌ಒ ಚೆನ್ನಾಗಿಯೇ ಓಡುತ್ತಿದೆ. ವೇಸ್ಟ್ ಪೈಪಿನ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸುತ್ತಾರೆ. ದಾಹ ತೀರುತ್ತಾ ಆಂಟಿ ಅಂತ ಕೇಳಿದೆ. “ಅದೇನೋ ಗೊತ್ತಿಲ್ಲಮ್ಮ, ಬೇಳೆ ಮಾತ್ರ ಈಗ ಮೂರೇ ವಿಶಲ್‌ಗೆ ಬೇಯುತ್ತೆ” ಅಂದರು.